ಮೂರನೇ ತರಗತಿಯ ಧೋಕಾ

ನಮ್ಮ ಶಾಲೆಯಲ್ಲಿ ಜವಾಬ್ದಾರಿ ಹಂಚುವುದಕ್ಕೆ ಒಂದು ಸರಳ ಪದ್ಧತಿ ಇದೆ. ಸಭೆಗೆ ಯಾರು ಬಂದಿರುವುದಿಲ್ಲವೋ ಅವರ ತಲೆಗೆ ಕಟ್ಟುವುದು. ಬಂದವರು ಹೇಗೂ ಬೇಡ ಅನ್ನುತ್ತಾರೆ. ಬಾರದವರು ಬೇಡ ಅನ್ನಲು ಅಲ್ಲಿರುವುದಿಲ್ಲ. ಹೀಗಾಗಿ ಬೀದರಿನಿಂದ ಔರಾದಕ್ಕೆ ಹೋಗುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತ ಒಂದು ಬೆಳಿಗ್ಗೆ, ನಾನು ಬಸ್ಸಿನ ನೆರಳಿನಲ್ಲಿ ನಿಂತು ಶೇಂಗಾ ತಿನ್ನುತ್ತಿರುವಾಗಲೇ, ಮಕ್ಕಳ ಸುರಕ್ಷತೆಯ ಉಸ್ತುವಾರಿ ಶಿಕ್ಷಕಿಯಾಗಿಬಿಟ್ಟಿದ್ದೆ. ಅದಕ್ಕೂ ಮುಂಚೆ ಇದೇ ಬಸ್ಸಿನ ಕೃಪೆಯಿಂದ ಶೌಚಾಲಯದ ಉಸ್ತುವಾರಿ ನನಗೆ ಬಂದಿತ್ತು. ಇನ್ನೆರಡು ಸಲ ಬಸ್ಸು ಕೆಟ್ಟರೆ ಇಡೀ ಶಾಲೆಯೇ ನನ್ನ ಉಸ್ತುವಾರಿಗೆ ಬರುತ್ತದೆ ಎಂದು ಮನೆಯವರು ನಗುತ್ತಿದ್ದರು.

ನನ್ನ ಮನೆ ಬೀದರಿನ ಮೈಲೂರಿನಲ್ಲಿ. ಶಾಲೆ ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ. ಔರಾದವರೆಗೆ ಬಸ್ಸು, ಅಲ್ಲಿಂದ ಮುಂದೆ ಟಂಟಂ ಆಟೊ. ಹಳ್ಳಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಹಳ್ಳಿಗಳವರು ಇದು ನಮ್ಮ ಶಾಲೆಯ ಮಾತಲ್ಲ ಎಂದು ನೆಮ್ಮದಿಯಾಗಿಬಿಡುತ್ತಾರೆ.

ಉಸ್ತುವಾರಿ ಬಂದ ಮೇಲೆ ತರಬೇತಿ ಬರಲೇಬೇಕಲ್ಲ. ಭಾಲ್ಕಿಯಲ್ಲಿ ಕರೆದರು. ಭಾಲ್ಕಿ ನನ್ನ ತವರು. ಮಕ್ಕಳ ಸುರಕ್ಷತೆಯ ನೆಪದಲ್ಲಿ ಅವ್ವನ ಕೈಯ ಊಟ ಸಿಕ್ಕೀತೆಂದು ಖುಷಿಯಿಂದಲೇ ಹೋದೆ. ತರಬೇತಿ ಕೊಡಲು ಬಂದವನು ಎಳೆ ಪ್ರಾಯದ ಹುಡುಗ. ಮೈಕು ಬಾಯಿಗೆ ತಾಕುವಷ್ಟು ಹತ್ತಿರ ಹಿಡಿದು, ಎಲ್ಲರೂ ತಂತಮ್ಮ ಶಾಲೆಯ ನಕ್ಷೆ ಬಿಡಿಸಬೇಕು, ಎಲ್ಲಿ ಅಪಾಯವಿದೆಯೋ ಅಲ್ಲಿ ಕೆಂಪು ಗುರುತು ಅಂಟಿಸಬೇಕು ಎಂದ. ಕೆಂಪು ಗುರುತಿನ ಚೀಟಿಗಳು ಪೇಟೆಯಲ್ಲಿ ಸಿಗದೆ, ಹಣೆಗೆ ಹಚ್ಚುವ ಕೆಂಪು ಟಿಕಳಿಯ ಪ್ಯಾಕೆಟ್ಟುಗಳನ್ನು ತಂದಿದ್ದ. ಅರ್ಧ ಟಿಕಳಿ ನಕ್ಷೆಗೆ ಹೋದವು, ಅರ್ಧ ಪರ್ಸುಗಳಿಗೆ ಹೋದವು. ನನ್ನ ಪಕ್ಕದವಳು ತನ್ನ ಶಾಲೆಯಲ್ಲಿ ಯಾವ ಅಪಾಯವೂ ಇಲ್ಲವೆಂದು ಒಂದನ್ನು ತನ್ನ ಹಣೆಗೇ ಹಚ್ಚಿಕೊಂಡಳು.

ನಾನು ಮಾತ್ರ ಯೋಚಿಸಬೇಕಾಗಿರಲಿಲ್ಲ. ನಮ್ಮ ಶಾಲೆಯಲ್ಲಿ ನಾಲ್ಕು ಖೋಲಿಗಳು. ಮೂರು ಖೋಲಿಗಳು ನಿಜಾಮನ ಕಾಲದ ಕಲ್ಲಿನವು, ಇನ್ನೂ ಗಟ್ಟಿಮುಟ್ಟಾಗಿವೆ. ನಾಲ್ಕನೆಯದು ಮೊನ್ನೆ ಮೊನ್ನೆ ಎನ್ನುವ ಹಾಗೆ ಕಟ್ಟಿದ ಸಿಮೆಂಟಿನ ಖೋಲಿ, ಅದಕ್ಕೆ ಆಗಲೇ ಮುಪ್ಪು ಬಂದಿದೆ. ಆ ಖೋಲಿಯಲ್ಲಿ ಮೂರನೇ ತರಗತಿ. ನನ್ನ ತರಗತಿ. ಛಾವಣಿಯ ನಡುವೆ ತೇವದ ಕಲೆ, ಕಲೆಯ ಸುತ್ತ ಉಬ್ಬಿದ ಗಿಲಾವು, ಉಬ್ಬಿನ ಬಿರುಕಿನಲ್ಲಿ ತುಕ್ಕು ಹಿಡಿದ ಸರಳು. ನಕ್ಷೆಯಲ್ಲಿ ಆ ಖೋಲಿಯ ಮೇಲೆ ಟಿಕಳಿ ಹಚ್ಚಿದೆ. ಒಂದು ಸಾಲದೆನಿಸಿ ಪಕ್ಕದಲ್ಲಿ ಇನ್ನೊಂದು ಹಚ್ಚಿದೆ. ಹುಡುಗ ಬಂದು ನೋಡಿದ.

"ಭಾಳ ಛಂದ ಬಿಡಿಸೀರಿ ಮೇಡಂ. ಗಿಡ ಸುದ್ದಾ ಹಾಕೀರಲ್ರಿ!" ಎಂದು ಹೇಳಿ ಫೋಟೋ ತೆಗೆದುಕೊಂಡ.

ತರಬೇತಿ ನಡೆದ ಸಭಾಂಗಣದ ಹಿಂದಿನ ಬಾಗಿಲಿಗೆ ತಂತಿ ಸುತ್ತಿ, ಅದಕ್ಕೆ ಅಡ್ಡವಾಗಿ ಮುರಿದ ಕಪಾಟು ಇಟ್ಟಿದ್ದರು. ಬೆಂಕಿ ಬಿದ್ದರೆ ನಾವು ಇಷ್ಟು ಜನ ಎಲ್ಲಿಂದ ಓಡಬೇಕು ಎಂದು ಕೇಳಿದೆ.

"ಬೆಂಕಿ ಇವತ್ತಿಲ್ರಿ ಮೇಡಂ, ಬೆಂಕಿ ನಾಳಿ ಅದ," ಎಂದ.

ಮರುದಿನ ಬೆಂಕಿಯ ಪಾಠವೂ ಆಯಿತು. ಕಪಾಟು ಅಲ್ಲೇ ಇತ್ತು. ನಾವು ಪ್ರಮಾಣಪತ್ರ ಹಿಡಿದು ಮುಂದಿನ ಬಾಗಿಲಿನಿಂದ ಹೊರಬಂದೆವು.

ತರಬೇತಿ ಮುಗಿಸಿ ಶಾಲೆಗೆ ಮರಳಿದ ವಾರದಲ್ಲೇ ಛಾವಣಿ ತಾನೂ ತರಬೇತಿ ಪಡೆದಂತೆ ಕೆಲಸ ಶುರು ಮಾಡಿತು. ಮಕ್ಕಳು ಬಿಸಿಯೂಟಕ್ಕೆ ಹೊರಗೆ ಹೋಗಿದ್ದರು. ಒಳಗೆ ಧಪ್ಪೆಂದಿತು. ಹೋಗಿ ನೋಡಿದರೆ ಊಟದ ತಟ್ಟೆಯಷ್ಟು ಅಗಲದ ಗಿಲಾವು ಒಂದು ಬೆಂಚಿನ ಮೇಲೆ ಬಿದ್ದು ಪುಡಿಯಾಗಿತ್ತು. ಆ ಬೆಂಚಿನ ಮೇಲೆ ಒಬ್ಬ ಹುಡುಗಿಯ ಪಾಟಿಚೀಲ ಇತ್ತು. ಚೀಲದ ಮೇಲೆ ಸಿಮೆಂಟಿನ ಚೂರು. ಹತ್ತು ನಿಮಿಷ ಮೊದಲು ಅದೇ ಜಾಗದಲ್ಲಿ ಅವಳ ತಲೆ ಇತ್ತು.

ಆ ಹುಡುಗಿಯ ಬಗ್ಗೆ ಹೇಳಬೇಕು. ಎರಡು ಜಡೆ, ಕೈ ತುಂಬ ಜೋಡಿ ತಪ್ಪಿದ ಗಾಜಿನ ಬಳೆಗಳು. ಅವಳ ನಾನಿ, ಅಂದರೆ ತಾಯಿಯ ತಾಯಿ, ಊರೂರು ತಿರುಗಿ ಬಳೆ ಮಾರುವವಳು. ಜೋಡಿ ಒಡೆದು ಉಳಿದ ಒಂಟಿ ಬಳೆಗಳೆಲ್ಲ ಮೊಮ್ಮಗಳ ಕೈಗೆ ಬರುತ್ತಿದ್ದವು. ತಂದೆ ತಾಯಿ ಹೈದರಾಬಾದಿನಲ್ಲಿ ದುಡಿಯುತ್ತಿದ್ದರು, ಹುಡುಗಿ ನಾನಿಯ ಮಡಿಲಲ್ಲಿ ಬೆಳೆಯುತ್ತಿದ್ದಳು. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಮೂರರಲ್ಲಿಯೂ ಬಾಯಿ ಮುಚ್ಚುತ್ತಿರಲಿಲ್ಲ. ಚೂರುಗಳನ್ನು ನೋಡಿ ಅವಳು ಅಳಲಿಲ್ಲ. ಚೀಲ ಕೊಡವಿಕೊಂಡು, "ಟೀಚರ್, ನನ್ ಪೆನ್ಸಿಲ್ ಮುರೀತ್ರಿ," ಎಂದಳು.

ಬಿದ್ದ ಗಿಲಾವಿನ ಒಂದು ಚೂರನ್ನು ಕೈಗೆತ್ತಿಕೊಂಡೆ. ಹಾಗೆಯೇ ಮುಖ್ಯ ಗುರುಗಳ ಹತ್ತಿರ ಹೋದೆ. ಅವರು ಕುಳಿತುಕೊಳ್ಳುವುದು ಕಲ್ಲಿನ ಖೋಲಿಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಖೋಲಿಯಲ್ಲಿ. ಅದರಲ್ಲಿ ಅವರ ಜೊತೆಗೆ ಒಂದು ದೊಡ್ಡ ಟಿವಿ ಇರುತ್ತದೆ. ಮಕ್ಕಳ ಕಲಿಕೆಗೆಂದು ಯಾರೋ ದಾನ ಕೊಟ್ಟದ್ದು. ಮಕ್ಕಳು ಕೈ ಹಚ್ಚಿ ಕೆಡಿಸುತ್ತಾರೆಂದು ಅದರ ಮೇಲೆ ಹೂವಿನ ಬಟ್ಟೆ ಹೊದಿಸಿ, ಖೋಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಅವರು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಕ್ಕಳ ಪೈಕಿ ಆ ಟಿವಿಯ ಮುಖ ನೋಡಿದವರು ಕಡಿಮೆ.

"ಸರ್, ಒಂದ್ ಕೆಲಸ ಮಾಡೋಣ್ರಿ. ಮೂರನೇ ಕ್ಲಾಸಿನ ಮಕ್ಕಳ್ನ ಈ ಖೋಲಿಗಿ ತರ್ತೇನಿ. ಟಿವಿ ಆ ಖೋಲಿಗಿ ಇಡ್ರಿ," ಎಂದೆ.

ಅವರು ಬೆಚ್ಚಿಬಿದ್ದರು. "ಏನ್ ಮಾತಾಡ್ತೀರಿ ಮೇಡಂ! ಮ್ಯಾಲಿಂದ ಗಿಲಾವು ಬಿದ್ದು ಟಿವಿ ಒಡೀತಂದ್ರ ಯಾರ್ರಿ ಜವಾಬ್ದಾರಿ?"

"ಮತ್ತ ಮಕ್ಕಳ ಮ್ಯಾಲ ಬಿದ್ರ?"

"ಮಕ್ಕಳು ಓಡಿ ಹೋಗ್ತಾವ್ರಿ. ಟಿವಿಗಿ ಕಾಲ್ ಅವಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ದಾನ ಬಂದದ್ದಾದರೂ ಟಿವಿ ಈಗ ಸರ್ಕಾರದ ಸೊತ್ತು, ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಮಕ್ಕಳು ಯಾರ ಸೊತ್ತು ಎಂದು ಕೇಳುವ ಹುಮ್ಮಸ್ಸು ನನಗೆ ಉಳಿದಿರಲಿಲ್ಲ.

ಮರುದಿನ ಮಕ್ಕಳನ್ನು ಅಂಗಳದ ಬೇವಿನ ಗಿಡದ ಕೆಳಗೆ ಕೂರಿಸಿದೆ. ಮಧ್ಯಾಹ್ನದೊಳಗೆ ಮುಖ್ಯ ಗುರುಗಳು ಓಡಿ ಬಂದರು. ಹಾದಿಯಲ್ಲಿ ಹೋಗಿಬರುವವರೆಲ್ಲ ನೋಡುತ್ತಿದ್ದಾರೆ, ಯಾರಾದರೂ ಫೋಟೋ ತೆಗೆದರೆ ಸಾಲಿಯ ಮರ್ಯಾದೆ ಏನಾಗಬೇಕು, ಇಷ್ಟು ಚೆಂದದ ಖೋಲಿ ಇಟ್ಟುಕೊಂಡು ಗಿಡದ ಕೆಳಗೆ ಪಾಠವೇ ಎಂದು ರೇಗಿದರು. ಮೇಲಾಗಿ ಹೊರಗೆ ಹಾವು ಬರುತ್ತದಂತೆ. ಮಕ್ಕಳ ಸುರಕ್ಷತೆಯ ಉಸ್ತುವಾರಿ ನನ್ನದಲ್ಲವೇ, ಹಾವಿನ ವಿಚಾರ ನನಗೆ ತಿಳಿಯಬಾರದೇ ಎಂದರು. ಮಕ್ಕಳು ಮತ್ತೆ ಒಳಗೆ ಹೋದರು.

ಔರಾದದ ಶಿಕ್ಷಣ ಇಲಾಖೆಯ ಕಚೇರಿಗೆ ಫೋನು ಮಾಡಿದೆ. ಪರಿಶೀಲನೆಯಲ್ಲಿದೆ ಎಂದರು. ಇನ್ನೊಮ್ಮೆ ಮಾಡಿದೆ. ಇನ್ನೂ ಪರಿಶೀಲನೆಯಲ್ಲೇ ಇತ್ತು. ಅಪಾಯ ಎಂಬ ಮಾತನ್ನು ನಾನು ಎಷ್ಟು ಸಲ ಹೇಳಿದೆನೆಂದರೆ, ಕಡೆಕಡೆಗೆ ಆ ಕಡೆ ಫೋನು ಎತ್ತುವವನು ನನ್ನ ದನಿ ಕೇಳಿದೊಡನೆ, "ಹಾಂ, ಅಪಾಯದ ಮೇಡಂ ಏನ್ರಿ? ಆರಾಮಿದ್ದೀರಾ?" ಎಂದು ಕುಶಲ ವಿಚಾರಿಸತೊಡಗಿದ.

ನನಗೆ ಭಯವಿತ್ತು. ಸಿಟ್ಟು ಅದಕ್ಕಿಂತ ಹೆಚ್ಚಿತ್ತು. ಬೆಂಚುಗಳನ್ನೆಲ್ಲ ಗೋಡೆಯ ಕಡೆಗೆ ಒತ್ತಿ, ಕಲೆಯ ಕೆಳಗಿನ ಜಾಗ ಖಾಲಿ ಬಿಟ್ಟೆ. ವಾರ ಕಳೆಯುವುದರಲ್ಲಿ ಕಲೆಯೂ ಗೋಡೆಯ ಕಡೆಗೆ ಬಂತು. ಆಮೇಲೆ ನನಗೆ ತೋಚಿದ್ದು ಒಂದೇ ಪಾಠ. ಒಳಗೆ ಬಂದ ಕೂಡಲೇ ಕೂರಬಾರದು. ಮೊದಲು ನಿಂತು ತಲೆ ಎತ್ತಿ ಮೇಲೆ ನೋಡಬೇಕು. ಪುಡಿ ಉದುರುತ್ತಿದೆಯೇ, ಹೊಸ ಬಿರುಕು ಬಂದಿದೆಯೇ ನೋಡಬೇಕು. ಇಲ್ಲವಾದರೆ ಕೂರಬೇಕು, ಇದ್ದರೆ ಚೀಲ ಬಿಟ್ಟು ಬಾಗಿಲಿಗೆ ಓಡಬೇಕು. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬಂದ ಮಕ್ಕಳು ಸಾಲಾಗಿ ನಿಂತು ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದರು. ಹುಡುಗಿ ಎಲ್ಲರ ಪರವಾಗಿ ಕೇಳುತ್ತಿದ್ದಳು.

"ಟೀಚರ್, ಇವತ್ ಬೀಳ್ತದೇನ್ರಿ?"

ಇವತ್ತು ಮೊಟ್ಟೆ ಕೊಡುತ್ತಾರಾ ಎಂದು ಕೇಳುವಾಗಲೂ ಅವಳ ದನಿ ಹೀಗೆಯೇ ಇರುತ್ತಿತ್ತು. ಇವತ್ತಿಲ್ಲ, ಕೂಡು ಅನ್ನುತ್ತಿದ್ದೆ. ಹಾಗೆ ಹೇಳಿದ ಮೇಲೆ ನಾನೂ ಇನ್ನೊಮ್ಮೆ ಮೇಲೆ ನೋಡುತ್ತಿದ್ದೆ.

ನನ್ನ ಕಾಟ ತಾಳಲಾರದೆ ಮುಖ್ಯ ಗುರುಗಳು ಒಂದು ಕ್ರಮ ಕೈಗೊಂಡರು. ಫಲಕ ಹಾಕಿಸುವುದು. ಟ್ರ್ಯಾಕ್ಟರುಗಳ ಹಿಂದೆ ನಂಬರು ಬರೆಯುವ ಪೇಂಟರನ್ನು ಕರೆಸಿದರು. ಮೇಲೆ ಕನ್ನಡದಲ್ಲಿ ಅಪಾಯ ಎಂದು ಬರೆದಾಯಿತು. ಊರಿನ ಹಿರಿಯರು ಓದುವುದು ದೇವನಾಗರಿ, ಕೆಳಗೆ ಮರಾಠಿಯಲ್ಲೂ ಇರಲಿ ಎಂದರು. ಪೇಂಟರ್ ಮಹಾರಾಷ್ಟ್ರದ ಗಡಿಯ ಆಚೆ ಈಚೆ ಓಡಾಡುವವನು. ಆಚೆ ಕಡೆಯ ಕರೆಂಟಿನ ಕಂಬಗಳ ಮೇಲೆ ನೋಡಿದ್ದನ್ನು ನೆನಪಿಟ್ಟು, ಮರಾಠಿಯಲ್ಲಿ ದಪ್ಪಗೆ ಧೋಕಾ ಎಂದು ಬರೆದ. ಕಂಬದ ಮೇಲಿದ್ದ ತಲೆಬುರುಡೆಯನ್ನೂ ಬಿಡಲಿಲ್ಲ. ಬುರುಡೆಗೆ ಹಲ್ಲು ಬರೆಯುವಾಗ ಅವನಿಗೆ ಎಲ್ಲಿಲ್ಲದ ಉಮೇದು. ಮನುಷ್ಯರಿಗೆ ಇರುವುದಕ್ಕಿಂತ ಹೆಚ್ಚೇ ಹಲ್ಲು ಇಟ್ಟ.

ಫಲಕವನ್ನು ಮೂರನೇ ತರಗತಿಯ ಬಾಗಿಲ ನೆತ್ತಿಗೆ ಹೊಡೆದರು. ಅದರ ಮುಂದೆ ಮುಖ್ಯ ಗುರುಗಳು ನಿಂತು ಫೋಟೋ ತೆಗೆಸಿಕೊಂಡು, ಕ್ರಮ ಕೈಗೊಳ್ಳಲಾಗಿದೆ ಎಂದು ಮೇಲಿನವರಿಗೆ ಕಳಿಸಿದರು. ಗಂಟೆ ಹೊಡೆಯಿತು. ಮಕ್ಕಳು ಫಲಕದ ಕೆಳಗಿಂದ ಸಾಲಾಗಿ ಒಳಗೆ ಹೋಗಿ, ಮೇಲೆ ನೋಡಿ, ಕುಳಿತರು. ಬುರುಡೆ ಅವರಿಗೆ ಬಹಳ ಹಿಡಿಸಿತ್ತು. ಹಲ್ಲಿನ ಮಾಮಾ ಎಂದು ಕರೆದು, ಹೋಗುವಾಗ ಬರುವಾಗ ಅದಕ್ಕೆ ನಮಸ್ಕಾರ ಹೊಡೆಯುತ್ತಿದ್ದರು.

ಇಷ್ಟಕ್ಕೇ ಎಲ್ಲ ಮುಗಿಯುತ್ತಿತ್ತೇನೋ. ಒಂದು ದಿನ ಸಾಲಿ ಬಿಡುವ ಹೊತ್ತಿಗೆ ಹುಡುಗಿಯ ನಾನಿ ಬಂದಳು. ಮೊಮ್ಮಗಳನ್ನು ಕರೆದುಕೊಂಡು ಔರಾದದ ಸಂತೆಗೆ ಹೋಗುವವಳಿದ್ದಳು. ತಲೆಯ ಮೇಲಿನ ಬಳೆಯ ಗಂಟು ಕೆಳಗಿಟ್ಟು, ಬಾಗಿಲಲ್ಲಿ ನಿಂತು ಬುರುಡೆಯನ್ನು ದಿಟ್ಟಿಸಿ ನೋಡಿ, ಅದೇನು ಬರೆದಿದೆ ಎಂದು ಮೊಮ್ಮಗಳನ್ನು ಕೇಳಿದಳು. ಅಕ್ಷರ ಓದುವುದೆಂದರೆ ಹುಡುಗಿಗೆ ಜಂಭ, ಓಣಿಯಲ್ಲಿ ದೇವನಾಗರಿಯನ್ನೂ ಕಲಿತುಕೊಂಡಿದ್ದಳು. ಎದೆ ಉಬ್ಬಿಸಿ ಓದಿದಳು. "ಅಪಾಯ. ಧೋಕಾ."

ಅಪಾಯವನ್ನು ಮುದುಕಿ ಕಿವಿಗೇ ಹಾಕಿಕೊಳ್ಳಲಿಲ್ಲ. ಅದು ಸರ್ಕಾರದ ಮಾತು. ಆದರೆ ಧೋಕಾ ಅವಳ ಮನೆಯ ಮಾತು. ಅವಳ ದಖ್ಖನಿಯಲ್ಲಿ ಧೋಕಾ ಅಂದರೆ ಮೋಸ.

"ಧೋಕಾ?" ಎಂದು ಸೊಂಟದ ಮೇಲೆ ಕೈಯಿಟ್ಟಳು. "ಕೌನ್ ದಿಯಾ? ಕಿಸ್ಕು ದಿಯಾ?"

ಯಾರು ಮಾಡಿದ ಮೋಸ, ಯಾರಿಗೆ ಮಾಡಿದ ಮೋಸ ಎಂದು ಅವಳು ನನ್ನನ್ನೇ ಕೇಳುತ್ತಿದ್ದಳು. ನಾನು ನಗುತ್ತಾ ತಿಳಿಸಿ ಹೇಳಹೊರಟೆ.

"ಇಲ್ಲ ನಾನಿ, ಇದು ನಿಮ್ಮ ಧೋಕಾ ಅಲ್ಲ. ಮರಾಠಿ ಮಾತದು. ಮರಾಠಿದಾಗ ಧೋಕಾ ಅಂದ್ರ ಖತರಾ ಅಂತ ಅರ್ಥ. ಛತ್ತು ಬೀಳೋ ಹಂಗ ಅದ, ಹುಷಾರಿರ್ರಿ ಅಂತ ಬರ್ಸ್ಯಾರ."

ಮುದುಕಿ ಒಳಗೆ ಇಣುಕಿ ಛಾವಣಿ ನೋಡಿದಳು. ಬೆಂಚು ನೋಡಿದಳು. ಮತ್ತೆ ಫಲಕ ನೋಡಿದಳು.

"ಖತರಾ ಅದ ಅಂತ ನೀವೇ ಬರ್ದೀರಿ. ಬರ್ದು ಅದರ ಬುಡಕ್ಕೇ ಪೋರಗೋಳ್ನ ಕೂಡ್ಸೀರಿ. ಇದು ಧೋಕಾ ಅಲ್ದೆ ಮತ್ತೇನ್ರಿ ಟೀಚರಮ್ಮ?"

ಭಾಲ್ಕಿಯ ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ಮುದುಕಿ ಗಂಟು ತಲೆಗೇರಿಸಿ, ಮೊಮ್ಮಗಳ ರಟ್ಟೆ ಹಿಡಿದು ಹೊರಟುಹೋದಳು.

ಬಳೆಗಾರ್ತಿಯ ಬಾಯಿಗೆ ಬಿದ್ದ ಸುದ್ದಿಗೆ ಬಸ್ಸು ಬೇಕಾಗುವುದಿಲ್ಲ, ಟಂಟಂ ಬೇಕಾಗುವುದಿಲ್ಲ. ಹೆಂಗಸರ ಕೈ ಹಿಡಿದು ಬಳೆ ಏರಿಸುವಾಗ ಅವರು ಎದ್ದು ಹೋಗುವಂತಿಲ್ಲ, ಕೇಳಲೇಬೇಕು. ಸಾಲಿಯಲ್ಲಿ ಧೋಕಾ ನಡೆದಿದೆ, ಸಾಲಿಯವರೇ ಬಾಗಿಲ ಮೇಲೆ ಬರೆದು ಒಪ್ಪಿಕೊಂಡಿದ್ದಾರೆ ಎಂಬುದು ಮನೆಮನೆಗೆ ಮುಟ್ಟಿತು. ಎಂಥ ಧೋಕಾ ಎಂಬುದನ್ನು ಒಬ್ಬೊಬ್ಬರು ತಮ್ಮ ಮನಸ್ಸಿಗೆ ಬಂದಂತೆ ತುಂಬಿಕೊಂಡರು. ಒಂದು ಓಣಿಯಲ್ಲಿ ಅದು ಮೊಟ್ಟೆಯ ಧೋಕಾ ಆಯಿತು, ಇನ್ನೊಂದು ಓಣಿಯಲ್ಲಿ ಬೂಟಿನ ಧೋಕಾ. ಟಿವಿಯನ್ನು ಮಾರಿಬಿಟ್ಟು ಬಟ್ಟೆಯ ಕೆಳಗೆ ಬರೀ ಡಬ್ಬಿ ಇಟ್ಟಿದ್ದಾರೆ ಎಂದು ಮತ್ತೊಬ್ಬರು ಕಂಡುಹಿಡಿದರು. ತಮಾಷೆಯೆಂದರೆ, ಸುದ್ದಿ ಕಿವಿಗೆ ಬಿದ್ದಾಗ ಮುಖ್ಯ ಗುರುಗಳು ಸಿಟ್ಟಾಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಯಾವ ಧೋಕಾ ಅಂತಾರ್ರಿ ಮೇಡಂ?" ಎಂದು ಕೇಳಿದರು. ಆರಿಸಿಕೊಳ್ಳಲು ಅವರ ಹತ್ತಿರ ಹಲವಾರು ಇದ್ದಂತೆ ಕಂಡಿತು.

ಯಾರೋ ಪುಣ್ಯಾತ್ಮರು ಫಲಕದ ಫೋಟೋ ತೆಗೆದು ವಾಟ್ಸಾಪಿಗೆ ಬಿಟ್ಟರು. ಸರ್ಕಾರಿ ಶಾಲೆಯಲ್ಲಿ ಧೋಕಾ ಎಂದು ಅದರ ಮೇಲೊಂದು ತಲೆಬರಹ. ನಾನು ಅಪಾಯ ಅಪಾಯ ಎಂದು ತಿಂಗಳುಗಟ್ಟಲೆ ಫೋನಿನಲ್ಲಿ ಕೂಗಿದಾಗ ಅಲುಗಾಡದ ಕಚೇರಿಯ ಜೀಪು, ಧೋಕಾ ಅಂದ ಮರುದಿನ ಬೆಳಿಗ್ಗೆ ಧೂಳೆಬ್ಬಿಸುತ್ತಾ ಅಂಗಳಕ್ಕೆ ಬಂತು.

ಜೀಪಿನಿಂದ ಶಿಕ್ಷಣ ಇಲಾಖೆಯ ಸಾಹೇಬರು ಇಳಿದರು. ಗೇಟಿನ ಹತ್ತಿರ ಅರ್ಧ ಊರು ನೆರೆದಿತ್ತು. ಬಳೆಯ ಗಂಟು ಪಕ್ಕಕ್ಕಿಟ್ಟು, ಮೊಮ್ಮಗಳನ್ನು ಮಡಿಲಲ್ಲಿ ಹಿಡಿದು, ಮುದುಕಿ ಮೂರನೇ ತರಗತಿಯ ಹೊಸ್ತಿಲಿಗೆ ಅಡ್ಡವಾಗಿ ಕುಳಿತುಬಿಟ್ಟಿದ್ದಳು. ತನ್ನ ಮೊಮ್ಮಗಳನ್ನಷ್ಟೇ ಅಲ್ಲ, ಯಾವ ಮಗುವನ್ನೂ ಒಳಗೆ ಬಿಡುತ್ತಿರಲಿಲ್ಲ. ಸಾಹೇಬರು ಫಲಕದ ಕೆಳಗೆ ಬಂದು ನಿಂತರು. ತಲೆ ಎತ್ತಿದರು, ಫಲಕದವರೆಗೆ ಮಾತ್ರ.

"ಈ ಧೋಕಾ ಯಾರ್ರಿ ಬರ್ಸಿದ್ದು?"

ಮುಖ್ಯ ಗುರುಗಳು ಪೇಂಟರನ ಹೆಸರು ಹೇಳಿದರು. ಪೇಂಟರ್ ಅಲ್ಲಿರಲಿಲ್ಲ. ಇರದವರ ತಲೆಗೆ ಕಟ್ಟುವುದು ನಮ್ಮ ಪದ್ಧತಿ ಎಂದು ಹೇಳಿದೆನಲ್ಲ.

"ಸರ್, ಒಳಗ ಬಂದು ಛತ್ತು ನೋಡ್ರಿ," ಎಂದೆ ನಾನು.

ಸಾಹೇಬರು ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದರು. "ಇರ್ಲಿ ಇರ್ಲಿ, ಇಲ್ಲಿಂದೇ ಕಾಣ್ತದ," ಎಂದರು. ಅವರು ನಿಂತ ಜಾಗದಿಂದ ಬಾಗಿಲ ಚೌಕಟ್ಟಿನ ಹೊರತು ಏನೂ ಕಾಣುತ್ತಿರಲಿಲ್ಲ. ನಮ್ಮ ಇಲಾಖೆಯಲ್ಲಿ ಯಾರಿಗೂ ಅಪಾಯದ ಅರಿವಿಲ್ಲ ಎಂದು ನಾನು ಅದುವರೆಗೆ ತಪ್ಪು ತಿಳಿದಿದ್ದೆ. ಅರಿವು ಚೆನ್ನಾಗಿಯೇ ಇತ್ತು.

ಧೋಕಾ ಎಂಬ ಶಬ್ದವನ್ನು ತಕ್ಷಣ ಅಳಿಸಬೇಕು, ಜನರ ಗಾಳಿಮಾತು ನಿಲ್ಲಿಸಬೇಕು, ತರಗತಿಗಳು ಎಂದಿನಂತೆ ನಡೆಯಬೇಕು ಎಂದು ಸಾಹೇಬರು ಅಪ್ಪಣೆ ಮಾಡಿದರು. ಎಂದಿನಂತೆ ಎಂದರೆ ಅದೇ ಖೋಲಿಯಲ್ಲಿ. ಆಗ ಮುದುಕಿ ಎದ್ದು ನಿಂತಳು. ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು, ಊರಿಗೆಲ್ಲ ಕೇಳುವ ದನಿಯಲ್ಲಿ ಕೂಗಿದಳು.

"ಅಮಾನತ್ ಹೈ ಸಾಬ್! ಯೇ ಅಮಾನತ್ ಹೈ!"

ಅವಳು ಹೇಳಿದ್ದು ಇಷ್ಟೇ. ಈ ಮಗು ನನ್ನ ಮಗಳು ನನ್ನ ಕೈಗೆ ಒಪ್ಪಿಸಿ ಹೋದ ಅಮಾನತ್ತು, ಕಾಪಾಡಿ ಮರಳಿ ಕೊಡಬೇಕಾದ ಜೀವ. ಬೀದರ್ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನಮ್ಮ ಮುಖ್ಯ ಗುರುಗಳಿಗೆ ಈ ಮಾತಿನ ಅರ್ಥ ತಿಳಿಯದ್ದೇನಲ್ಲ. ಆದರೆ ಸಾಹೇಬರ ಜೀಪು ಅಂಗಳದಲ್ಲಿ ನಿಂತಾಗ ನೌಕರನ ಕಿವಿ ಕಚೇರಿಯ ಕನ್ನಡವನ್ನು ಬಿಟ್ಟು ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ. ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ನೌಕರಿಯಿಂದ ಕೆಳಗಿಳಿಸಿ ಮನೆಗೆ ಕಳಿಸುವುದು.

ಅವರ ಮುಖ ಸುಣ್ಣದಂತಾಯಿತು. "ಅಮಾನತಾ? ಯಾರ್ದು? ಯಾಕ್ರಿ? ನಾ ಏನ್ ಮಾಡೇನ್ರಿ ಸರ್?" ಎಂದು ತೊದಲಿದರು. ಗೇಟಿನ ಹತ್ತಿರ ಇದ್ದ ಪಡ್ಡೆ ಹುಡುಗರಿಗೆ ಅಷ್ಟೇ ಸಾಕಾಯಿತು. "ಅಮಾನತ್! ಅಮಾನತ್!" ಎಂದು ಒಂದೇ ಸಮನೆ ಕೂಗತೊಡಗಿದರು. ಅವರಲ್ಲಿ ಯಾರು ಯಾವ ಅರ್ಥದಲ್ಲಿ ಕೂಗುತ್ತಿದ್ದರೋ ದೇವರೇ ಬಲ್ಲ. ಸಾಹೇಬರೂ ಒಮ್ಮೆ ತಮ್ಮ ಜೀಪಿನ ಕಡೆ ನೋಡಿಕೊಂಡರು.

ಮುಖ್ಯ ಗುರುಗಳ ಕೈ ತಾನಾಗಿಯೇ ಒಳಜೇಬಿಗೆ ಹೋಯಿತು. ಇಷ್ಟು ದಿನ ನನ್ನ ಬೇಡಿಕೆಗೆ, ಮಕ್ಕಳ ತಲೆಗೆ, ಟಿಕಳಿಗೆ, ಬುರುಡೆಗೆ ಯಾವುದಕ್ಕೂ ಹೊರಬಾರದ ಕೀಲಿಕೈ ಒಂದು ಶಬ್ದದ ಹೆದರಿಕೆಗೆ ಹೊರಬಂತು.

"ಮೇಡಂ, ನಿಂತು ಏನ್ ನೋಡ್ತೀರಿ? ಮಕ್ಕಳ್ನ ನನ್ ಖೋಲಿಗಿ ಕರ್ಕೊಂಡ್ ಹೋಗ್ರಿ! ನಾ ಮೊದ್ಲಿಂದೂ ಇದೇ ಹೇಳ್ಲತ್ತಿದ್ದಿಲ್ಲೇನು?"

ಹೌದು ಸರ್, ನೀವು ಹೇಳುತ್ತಲೇ ಇದ್ದಿರಿ ಎಂದೆ. ಮಕ್ಕಳು ಓಡಿದರು. ಟಿವಿಯನ್ನು ಅಂದೇ ಇಬ್ಬರು ಶಿಕ್ಷಕರು ಕಂಬಳಿಯಲ್ಲಿ ಸುತ್ತಿ, ಹಸಿ ಬಾಣಂತಿಯನ್ನು ಕರೆದೊಯ್ಯುವಂತೆ ನಿಧಾನವಾಗಿ ಟಂಟಂಗೆ ಏರಿಸಿ, ಸುರಕ್ಷತೆಗೆಂದು ಮುಖ್ಯ ಗುರುಗಳ ಮನೆಗೆ ಮುಟ್ಟಿಸಿದರು. ಅದು ಇಂದಿಗೂ ಅಲ್ಲೇ ಸುರಕ್ಷಿತವಾಗಿದೆ. ಕ್ರಿಕೆಟ್ಟು ಸ್ಪಷ್ಟವಾಗಿ ಕಾಣುತ್ತದಂತೆ.

ಪೇಂಟರ್ ಬಂದು ಧೋಕಾದ ಮೇಲೆ ಬಿಳಿ ಬಣ್ಣ ಬಳಿದ. ಬುರುಡೆ ಅಳಿಸಲು ಮನಸ್ಸು ಬಾರದೆ ಹಲ್ಲಿನ ಮಾಮನನ್ನು ಹಾಗೆಯೇ ಬಿಟ್ಟ.

ಆಮೇಲೆ ಒಂದು ಶನಿವಾರದಿಂದ ಹಿಡಿದ ಮಳೆ ಭಾನುವಾರವೂ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಹೋದಾಗ ಹಳೆಯ ಖೋಲಿಯ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. ಒಳಗೆ ಛಾವಣಿಯ ನಡುಭಾಗ ಪೂರ್ತಿ ಕೆಳಗೆ ಬಂದಿತ್ತು. ಸರಳುಗಳು ಜೋತಾಡುತ್ತಿದ್ದವು, ಅವುಗಳ ನಡುವೆ ಆಕಾಶ ಕಾಣುತ್ತಿತ್ತು. ನಾವು ಬಿಟ್ಟು ಬಂದಿದ್ದ ಬೆಂಚುಗಳಲ್ಲಿ ಹುಡುಗಿ ಕೂರುತ್ತಿದ್ದದ್ದು ಎರಡು ತುಂಡಾಗಿತ್ತು. ಪಡಸಾಲೆಯ ಕಲ್ಲಿನ ಮೇಲೆ ಕುಳಿತೆ. ಹುಡುಗಿ ನನ್ನ ಪಕ್ಕದಿಂದ ಇಣುಕಿ ನೋಡಿ, ಬಹಳ ದಿನದಿಂದ ಬರಬೇಕಾಗಿದ್ದ ನೆಂಟರು ಕಡೆಗೂ ಬಂದಂತೆ, "ಟೀಚರ್, ಬಿತ್ತು ನೋಡ್ರಿ," ಎಂದಳು. ಅವಳನ್ನು ಅಪ್ಪಿಕೊಂಡು ಜೋರಾಗಿ ಅತ್ತೆ. ಅವಳ ಬಳೆಗಳು ನನ್ನ ಕುತ್ತಿಗೆಗೆ ಒತ್ತುತ್ತಿದ್ದವು.

"ಅಳೂದು ಆಮ್ಯಾಲ ಅಳ್ರಿ ಮೇಡಂ," ಎಂದರು ಮುಖ್ಯ ಗುರುಗಳು. "ಮೊದ್ಲು ಫೋಟೋ ತಗೀರಿ."

ಫೋಟೋ ಹೋಯಿತು. ಜೊತೆಗೆ ವರದಿಯೂ ಹೋಯಿತು. ಮುಖ್ಯ ಗುರುಗಳ ದೂರದೃಷ್ಟಿ ಮತ್ತು ಸಾಹೇಬರ ಸಕಾಲಿಕ ಮಾರ್ಗದರ್ಶನದಿಂದ ಮಕ್ಕಳನ್ನು ಮುಂಚಿತವಾಗಿಯೇ ಸ್ಥಳಾಂತರಿಸಲಾಗಿ ಭಾರಿ ಅನಾಹುತ ತಪ್ಪಿತು ಎಂದು ಅದರಲ್ಲಿ ಇತ್ತು. ವರದಿಯಲ್ಲಿ ಮುದುಕಿ ಇರಲಿಲ್ಲ. ಧೋಕಾ ಇರಲಿಲ್ಲ. ಅಮಾನತು ಅಂತೂ ಇರಲೇ ಇಲ್ಲ. ಕೆಲವು ದಿನಗಳಾದ ಮೇಲೆ ನಮ್ಮದು ಮಕ್ಕಳ ಸುರಕ್ಷತೆಯಲ್ಲಿ ಮಾದರಿ ಶಾಲೆ ಎಂಬ ಸುದ್ದಿ ಬಂತು. ಬೀದರಿನಲ್ಲಿ ಸಮಾರಂಭ, ಮುಖ್ಯ ಗುರುಗಳಿಗೆ ಸನ್ಮಾನ, ಮೂರನೇ ತರಗತಿಯ ಮಕ್ಕಳಿಂದ ಪ್ರಾರ್ಥನಾ ಗೀತೆ. ಮಕ್ಕಳನ್ನು ಕರೆತರುವ ಉಸ್ತುವಾರಿ ನನಗೆ. ಆ ದಿನ ನಾನು ಸಭೆಯಲ್ಲಿ ಇದ್ದೆ, ಆದರೂ ಕೊಟ್ಟರು.

ನೀವೂ ಬನ್ನಿ ಎಂದು ಮುದುಕಿಯನ್ನು ಕರೆದೆ. "ನಾ ಯಾಕ ಬರ್ಲಿ? ಊರಾಗಿನ ಧೋಕಾ ಸಾಕಾಗಿಲ್ಲೇನು ನಂಗ?" ಎಂದಳು. ಆದರೆ ಮೊಮ್ಮಗಳ ಕೈಗೆ ಜೀವಮಾನದಲ್ಲಿ ಮೊದಲ ಸಲ ಜೋಡಿ ಬಳೆ ಏರಿಸಿ ಕಳಿಸಿದ್ದಳು. ಹಸಿರು ಬಳೆ.

ಸಭಾಂಗಣ ದೊಡ್ಡದಿತ್ತು. ಬಣ್ಣಬಣ್ಣದ ದೀಪ, ಜಮಖಾನ, ವೇದಿಕೆಯ ಮೇಲೆ ಸಾಲಾಗಿ ಗಣ್ಯರು. ಪೇಟ ಸುತ್ತಿಸಿಕೊಂಡ ಮುಖ್ಯ ಗುರುಗಳು ಸಾಹೇಬರ ಪಕ್ಕದಲ್ಲಿ ಕುಳಿತಿದ್ದರು. ವೇದಿಕೆಯ ಒಂದು ಬದಿಗೆ ಮಕ್ಕಳು ಕುಳಿತು ಹಾಡಲೆಂದು ಚಾಪೆ ಹಾಸಿದ್ದರು, ಮುಂದೆ ಮೈಕು. ಮಕ್ಕಳು ಸಾಲಾಗಿ ಏರಿ ಬಂದರು. ಚಾಪೆಯ ಹತ್ತಿರ ಬಂದವರು ಕೂರಲಿಲ್ಲ. ಇಡೀ ಸಾಲು ನಿಂತು, ತಲೆ ಹಿಂದಕ್ಕೆ ವಾಲಿಸಿ, ಬಾಯಿ ತೆರೆದು, ಮೇಲೆ ನೋಡತೊಡಗಿತು.

ಸಭೆ ಕಾಯಿತು. ಮಕ್ಕಳು ಇನ್ನೂ ನೋಡುತ್ತಲೇ ಇದ್ದರು. ದೊಡ್ಡ ಛಾವಣಿ, ನೋಡಲು ಹೆಚ್ಚು ಹೊತ್ತು ಬೇಕು. ಮುಖ್ಯ ಗುರುಗಳು ಕುರ್ಚಿಯಿಂದ ಬಾಗಿ, ಹಲ್ಲು ಕಚ್ಚಿ, "ಕೂಡ್ರಿ! ಕೂಡ್ರಿ ಅಂದ್ರ!" ಎಂದರು. ಮೈಕಿನ ಎದುರಿಗೇ ನಿಂತಿದ್ದ ಹುಡುಗಿ ಕತ್ತು ಇಳಿಸದೆ ಉತ್ತರ ಕೊಟ್ಟಳು. ಅವಳ ಮಾತು ಸಭಾಂಗಣದ ಮೂಲೆಮೂಲೆಗೂ ಮುಟ್ಟಿತು.

"ಮೊದ್ಲು ಮ್ಯಾಲ ನೋಡ್ಬೇಕ್ರಿ ಸರ್. ದೊಡ್ಡೋರು ಯಾರೂ ನೋಡಂಗಿಲ್ಲ, ನೀವೇ ನೋಡ್ಕೋರಿ ಅಂತ ಟೀಚರ್ ಹೇಳ್ಯಾರ."

ಅಂಥ ಮಾತು ನಾನು ಹೇಳಿರಲಿಲ್ಲ. ಮೇಲೆ ನೋಡಿ ಎಂದಷ್ಟೇ ಹೇಳಿದ್ದೆ. ಉಳಿದದ್ದನ್ನು ಅವಳು ತಾನಾಗಿಯೇ ಕಲಿತಿದ್ದಳು.

ವೇದಿಕೆಯಲ್ಲಿ ಮೊದಲು ತಲೆ ಎತ್ತಿದವರು ಸಾಹೇಬರು. ಆಮೇಲೆ ಅವರ ಪಕ್ಕದವರು. ಆಮೇಲೆ ಮುಖ್ಯ ಗುರುಗಳು ಪೇಟ ಬೀಳದಂತೆ ಕೈಯಲ್ಲಿ ಒತ್ತಿ ಹಿಡಿದು ಮೇಲೆ ನೋಡಿದರು. ನಡುವಿನ ಗಣ್ಯರೊಬ್ಬರು ಕುರ್ಚಿಯನ್ನು ಸದ್ದಾಗದಂತೆ ಬದಿಗೆ ಸರಿಸಿಕೊಂಡರು. ಸಭಾಂಗಣದವನನ್ನು ಕರೆದು, "ಛತ್ತು ಗಟ್ಟಿ ಅದನೋ ಇಲ್ಲೋ, ಯಾವಾಗ ನೋಡ್ಸೀರಿ?" ಎಂದು ಸಾಹೇಬರು ವಿಚಾರಿಸುತ್ತಿದ್ದರು. ಪರಿಶೀಲನೆ ಇಷ್ಟು ಬೇಗ ಆಗಬಲ್ಲದೆಂದು ನನಗೆ ಅಂದು ತಿಳಿಯಿತು.

ಹುಡುಗಿಗೆ ಮಾತ್ರ ತೃಪ್ತಿಯಾಗಿತ್ತು. "ಇವತ್ ಬೀಳಂಗಿಲ್ಲ," ಎಂದು ಉಳಿದವರಿಗೆ ಹೇಳಿ, ಹಸಿರು ಬಳೆ ಸರಿ ಮಾಡಿಕೊಂಡು ಚಾಪೆಯ ಮೇಲೆ ಕುಳಿತಳು. ಮಕ್ಕಳು ಗೀತೆ ಹಾಡಿದರು. ಆ ದಿನ ಯಾರ ಭಾಷಣವೂ ಉದ್ದವಾಗಲಿಲ್ಲ.